ಸದ್ದಿಲ್ಲದ ಪಂಪು

ಶಾಲೆಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಮಾಸ್ಟ್ರ ಕಂಠವನ್ನೇ ಹೊಗಳಿದರು. ಅವರು ಮಾತಾಡಿದರೆ ಮೈಕು ಬೇಡವಾಗಿತ್ತು ಎಂದರು ಒಬ್ಬರು. ಸಿದ್ಧಕಟ್ಟೆ ಪೇಟೆಯವರೆಗೂ ಕೇಳುತ್ತಿತ್ತು ಎಂದರು ಇನ್ನೊಬ್ಬರು. ನನ್ನ ಸರದಿ ಬಂದಾಗ ಒಂದು ಪಂಪಿನ ವಿಷಯ ಹೇಳಬೇಕೆಂದು ಎದ್ದೆ. ಕಂಪ್ಯೂಟರನ್ನು ತಣ್ಣಗಿಡಲು ಅದರೊಳಗೆ ನೀರು ಓಡಿಸುವ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಪಂಪು. ನಾನು ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಹೆಡ್ ಮಾಸ್ಟ್ರು ಗಡಿಯಾರ ನೋಡಿದರು, ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನಾಲ್ಕು ಒಳ್ಳೆಯ ಮಾತು ಸೇರಿಸಿ ಕುಳಿತುಬಿಟ್ಟೆ. ಮನೆಗೆ ಬಂದಮೇಲೂ ಸಿಟ್ಟು ಇಳಿಯಲಿಲ್ಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಕಂಠ ದೊಡ್ಡದೇನೂ ಆಗಿರಲಿಲ್ಲ. ಹೋದವರಿಗೆ ಇಲ್ಲದ ಗುಣ ಅಂಟಿಸುವ ಅಭ್ಯಾಸ ನಮಗೆ ಇದ್ದದ್ದೇ. ಅವರದು ತಗ್ಗಿದ ಸ್ವರ. ಒಂಬತ್ತನೇ ತರಗತಿಯ ಪೋಕರಿಗಳೂ ಅವರ ಪಾಠದಲ್ಲಿ ಸುಮ್ಮನಿರುತ್ತಿದ್ದುದು ಹೆದರಿಕೆಯಿಂದಲ್ಲ, ಸುಮ್ಮನಿರದಿದ್ದರೆ ಏನೂ ಕೇಳಿಸುತ್ತಿರಲಿಲ್ಲ, ಅದಕ್ಕೆ. ಅವರು ವಿಜ್ಞಾನ ಕಲಿಸುತ್ತಿದ್ದರು, ನಾನು ಹಿಂದಿ. ಅಧ್ಯಾಪಕರ ಕೋಣೆಯಲ್ಲಿ ನಮ್ಮ ಮೇಜುಗಳು ಅಕ್ಕಪಕ್ಕ. ಪಕ್ಕದ ಕ್ಲಾಸಿನಲ್ಲಿ ನನ್ನ ಗಂಟಲು ಹರಿಯುತ್ತಿದ್ದಾಗ ಗೋಡೆಯಾಚೆ ಅವರು ಪಿಸುಗುಟ್ಟಿದ ಹಾಗೆ ಪಾಠ ಮಾಡುತ್ತಿದ್ದರು. ನನಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಯಾರು ಏನು ಕೇಳಿದರೂ ಅವರ ಮೊದಲ ಉತ್ತರ "ಗೊತ್ತಿಲ್ಲ. ನೋಡುವ." ಹೆಗಲ ಮೇಲಿನ ಬೈರಾಸಿನ ತುದಿಯಿಂದ ಕನ್ನಡಕ ಒರೆಸಿಕೊಂಡು ಈ ಮಾತು ಹೇಳಿದರೆ ಅದರ ಹಿಂದೆ ಒಂದೆರಡು ದಿನದ ಕೆಲಸ ಇದೆ ಎಂದು ಲೆಕ್ಕ. ನೀರು ತಾನಾಗಿ ಮೇಲೇರುತ್ತದೆಯೇ ಎಂದು ಒಬ್ಬ ಹುಡುಗ ಕೇಳಿದ್ದಕ್ಕೆ "ನೋಡುವ" ಅಂದವರು ಮಾರನೇ ದಿನ ಎರಡು ಸ್ಟೀಲು ಲೋಟ ಮತ್ತು ಗ್ಲೂಕೋಸಿನ ನಳಿಗೆ ಹಿಡಿದುಕೊಂಡು ಬಂದರು. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಅಂಚು ದಾಟಿ ಇಳಿಯುವುದನ್ನು ಇಡೀ ಶಾಲೆಯೇ ನೋಡಿತು. ಏರುವ ನೀರನ್ನು ಇಳಿಯುವ ನೀರು ಎಳೆದುಕೊಳ್ಳುತ್ತದೆ, ತಕ್ಕಡಿಯ ಎರಡು ತಟ್ಟೆಯ ಹಾಗೆ, ಎಂದು ವಿವರಿಸಿದರು. ಈ ಪಾಠವನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದನ್ನು ಅವರೇ ಮರೆಯುತ್ತಾರೆ.

ಚಾರ್ಮಾಡಿ ಕಡೆಯ ವಾರಿಜಾ ಎಂಬ ಹುಡುಗಿ ನಮ್ಮ ಶಾಲೆಗೆ ಎಂಟನೇ ತರಗತಿಗೆ ಬಂದಳು. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬ್ರೈಲ್ ಪುಸ್ತಕ ಬರುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತಿತ್ತು. ಮಾಸ್ಟ್ರು ಒಂದು ಪಾಠವನ್ನು ಫೋನಿಗೆ ಓದಿ ಅವಳಿಗೆ ಕೊಟ್ಟರು, ಆಮೇಲೆ ಪುಸ್ತಕವನ್ನೇ ಓದಿ ಕೊಟ್ಟರು. ಅವಳಿಂದ ಬೆಳ್ತಂಗಡಿಯಲ್ಲಿ ಅವಳಂತೆಯೇ ಇದ್ದ ಇಬ್ಬರಿಗೆ, ಅವರಿಂದ ಮೂಡುಬಿದಿರೆಯ ಹಾಸ್ಟೆಲಿನ ಮಕ್ಕಳಿಗೆ ಆ ಓದು ದಾಟಿತು. ನಿವೃತ್ತಿಯಾದ ಮೇಲೆ ಇದೇ ಅವರ ಉದ್ಯೋಗವಾಯಿತು. ಸಿದ್ಧಕಟ್ಟೆಯ ಅವರ ಮನೆಯ ಹಿಂದೆ ತೆಂಗಿನಕಾಯಿ ರಾಶಿ ಹಾಕುತ್ತಿದ್ದ ಒಂದು ಕೋಣೆ ಇತ್ತು. ಅದರ ಗೋಡೆಗಳಿಗೆ ಹಳೆಯ ಹತ್ತಿಯ ಹಾಸಿಗೆ ಹೊಡೆಸಿ, ನಡುವೆ ಮೇಜು ಹಾಕಿ, ಮೈಕು ಇಟ್ಟರು. ವಾರಕ್ಕೆ ಮೂರು ದಿನ ನಾನು ಹೋಗಿ ಎದುರು ಕುಳಿತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಪುಸ್ತಕದ ಮೇಲೆ ಬೆರಳಿಟ್ಟು ಕೇಳುತ್ತಿದ್ದೆ. ಅವರು ತಪ್ಪಿದರೆ ನಾನು ಬೆರಳೆತ್ತಬೇಕು, ಅವರು ನಿಲ್ಲಿಸಿ ಎರಡು ಸಾಲು ಹಿಂದಿನಿಂದ ಓದಬೇಕು. ನಮ್ಮ ನಡುವಿನ ಒಪ್ಪಂದ ಅಷ್ಟೇ. ಅವರ ತಪ್ಪು ಹಿಡಿಯುವ ಸುಖ ನನಗೆ ಅಪರೂಪಕ್ಕೆ ಸಿಗುತ್ತಿತ್ತು.

ಇದರ ನಡುವೆ ಆ ಕಂಪ್ಯೂಟರ್ ಬಂತು. ದುಬೈಯಲ್ಲೋ ಕತಾರಿನಲ್ಲೋ ಇರುವ ಅವರ ಹಳೆಯ ಶಿಷ್ಯರು ಸೇರಿ ಕಳಿಸಿದ್ದು. "ಅಂಗಡಿಯಲ್ಲಿ ಇರುವುದರಲ್ಲಿ ದೊಡ್ಡದು ಕೊಡಿ" ಎಂದು ಕೇಳಿರಬೇಕು. ಗೋದ್ರೆಜ್ ಕಪಾಟಿನ ತಮ್ಮನ ಹಾಗಿದ್ದ ಒಂದು ಕಪ್ಪು ಪೆಟ್ಟಿಗೆ, ಒಳಗೆ ಬಣ್ಣಬಣ್ಣದ ದೀಪ. ಓದಿದ್ದನ್ನು ಮುದ್ರಿಸುವುದಲ್ಲದೆ ಹಳೆಯ ಧ್ವನಿಮುದ್ರಣಗಳನ್ನು ಶುಚಿ ಮಾಡುವ ಕೆಲಸವನ್ನೂ ಅದಕ್ಕೆ ಒಪ್ಪಿಸಿದರು, ಹಾಗಾಗಿ ದಿನವಿಡೀ ದುಡಿಯುತ್ತಿತ್ತು. ಕಿಟಕಿ ಮುಚ್ಚಿದ, ಫ್ಯಾನು ಹಾಕುವಂತಿಲ್ಲದ, ಹಾಸಿಗೆ ಹೊದ್ದ ಕೋಣೆ ಅದು. ನಮ್ಮ ಕಡೆಯ ಬೇಸಗೆ ಬೇರೆ. ಪೆಟ್ಟಿಗೆ ಬಿಸಿಯಾಗಿ ಅದರ ಫ್ಯಾನುಗಳು ಬೋಂಯ್ ಎಂದು ಕೂಗತೊಡಗಿದವು.

ಆಗ ವಾರಿಜಾ ಮೂಡುಬಿದಿರೆಯಲ್ಲಿ ಬಿ.ಎಡ್. ಮಾಡುತ್ತಿದ್ದಳು. ಅವಳೇ ಫೋನ್ ಮಾಡಿದಳು. ಮಾಸ್ಟ್ರು ಸ್ಪೀಕರಿಗೆ ಹಾಕಿದರು.

"ಮಾಸ್ಟ್ರೇ, ಬೇಜಾರು ಮಾಡ್ಬೇಡಿ. ನಿಮ್ಮ ಹಿಂದೆ ಎಂತದೋ ಸದ್ದು ಉಂಟು."

"ಕಂಪ್ಯೂಟರಿದ್ದು. ಸ್ವಲ್ಪ ಅಲ್ವಾ?"

"ನಿಮಗೆ ಸ್ವಲ್ಪ. ನಾವು ಡಬಲ್ ಸ್ಪೀಡಿನಲ್ಲಿ ಕೇಳುವುದು. ಆಗ ಪದದ ಕೊನೆಯೆಲ್ಲ ಆ ಸದ್ದಿನೊಳಗೆ ಹೋಗ್ತದೆ. ಸಣ್ಣ ಮಕ್ಕಳು ಕೇಳ್ಕೊಂಡು ಹೇಳ್ಕೊಂಡು ಕಲಿಯುದಲ್ವಾ, ಅರ್ಧ ಪದವೇ ಕಲಿತಾರೆ."

ಮಾಸ್ಟ್ರು ಕನ್ನಡಕ ಒರೆಸಿಕೊಂಡರು. "ನೋಡುವ" ಅಂದರು.

ಅದೇ ತಿಂಗಳು ಅವರ ಸ್ವರ ಒಡೆಯಿತು. ಶೀತ ಅಂದುಕೊಂಡೆವು. ಶುಂಠಿ ಕಷಾಯ, ಉಪ್ಪುನೀರು ಎಲ್ಲ ಆಯಿತು. ಮಂಗಳೂರಿನ ಡಾಕ್ಟರು ಗಂಟಲೊಳಗೆ ನಳಿಗೆ ಇಳಿಸಿ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕೊನೆಗೆ ವಿಷಯ ಹೇಳಿದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಕತ್ತಿನ ಬುಡದಲ್ಲಿ ಉಸಿರಾಟಕ್ಕೆ ಒಂದು ತೂತು ಇಡುತ್ತಾರೆ, ಆಮೇಲೆ ಮಾತಿಲ್ಲ. ತಡಮಾಡಬಾರದು, ಹೆಚ್ಚೆಂದರೆ ಈ ತಿಂಗಳ ಕೊನೆಯವರೆಗೆ ಕಾಯಬಹುದು ಎಂದರು. ಇದನ್ನು ನನಗೆ ಹೇಳಿದವರು ಮಾಸ್ಟ್ರಲ್ಲ, ಅವರ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಹೇಳಿ ಮುಗಿಸಿ ಅಕ್ಕ ಅಡುಗೆಮನೆಗೆ ಹೋಗಿ ನನಗೆ ಚಹಾ ಇಟ್ಟರು. ನಾನು ಹಿತ್ತಲ ಬಾಗಿಲಿಗೆ ಒರಗಿ ಅತ್ತೆ.

ಮಾಸ್ಟ್ರು ಕೋಣೆಯಲ್ಲಿ ಪೆಟ್ಟಿಗೆಯ ಬದಿ ಬಿಚ್ಚಿಕೊಂಡು ಕುಳಿತಿದ್ದರು. ಆ ವರ್ಷ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಬದಲಾಗಿತ್ತು. ಅದನ್ನು ಓದಿ ಮುಗಿಸಬೇಕು, ತಿಂಗಳ ಕೊನೆಯೊಳಗೆ. ಸ್ವರ ಅಷ್ಟರವರೆಗೆ ತಡೆದರೆ. ನಾನು ಪುಸ್ತಕ ತೆರೆದು ಕುಳಿತೆ. ಅವರು ಮುಚ್ಚಿದರು.

"ಮೊದಲು ಈ ಸದ್ದು ಹೋಗ್ಬೇಕು ಟೀಚರ್."

"ಸದ್ದು ಇರ್ಲಿ ಮಾಸ್ಟ್ರೇ. ಇರುವ ದಿನದಲ್ಲಿ ಓದುವ."

"ಸದ್ದು ಇಟ್ಕೊಂಡು ಓದಿದ್ರೆ ಅದನ್ನು ಪುನಃ ಓದ್ಬೇಕಾಗ್ತದೆ. ಪುನಃ ಓದ್ಲಿಕ್ಕೆ ಯಾರಿದ್ದಾರೆ?"

ಒಂದು ಸಾದಾ ಲ್ಯಾಪ್‌ಟಾಪ್ ತಂದರೆ ಮುಗಿಯಿತಲ್ಲ ಎಂದೆ. ಮಕ್ಕಳು ಅಷ್ಟು ದೂರದಿಂದ ಕಳಿಸಿದ್ದನ್ನು ಮೂಲೆಗೆ ಹಾಕುವುದೇ ಎಂದರು. ಪೆಟ್ಟಿಗೆಯನ್ನು ಹೊರಗಿಟ್ಟು ವಯರು ಉದ್ದ ಮಾಡುವ ಎಂದೆ. ಅದನ್ನು ಅವರು ಆಗಲೇ ಮಾಡಿ ನೋಡಿದ್ದರು. ಮೈಕಿನ ವಯರು ಉದ್ದವಾದಾಗ ಅದರೊಳಗೇ ಇನ್ನೊಂದು ಗುಂಯ್ ಸೇರಿಕೊಂಡಿತ್ತು. ಕಂಪ್ಯೂಟರಿನಲ್ಲೇ ಸದ್ದು ಶುಚಿ ಮಾಡಹೋದರೆ ಪದದ ಕೊನೆಯೂ ಜೊತೆಗೆ ಅಳಿಸಿಹೋಗುತ್ತಿತ್ತು. ಇನ್ನುಳಿದದ್ದು ನೀರು ಎಂದರು. ಪೆಟ್ಟಿಗೆಯೊಳಗೆ ಬಿಸಿಯಾಗುವ ಜಾಗಕ್ಕೆ ನೀರು ಮುಟ್ಟಿಸುವುದು, ಆ ನೀರು ನಳಿಗೆಯಲ್ಲಿ ಹೋಗಿ ಕಾರಿನಲ್ಲಿರುವಂಥ ಒಂದು ರೇಡಿಯೇಟರಿನಲ್ಲಿ ತಣಿದು ವಾಪಸು ಬರುವುದು. ಹಾಗಾದರೆ ಫ್ಯಾನುಗಳು ಮೆಲ್ಲ ತಿರುಗಿದರೂ ಸಾಕು. ರೇಡಿಯೇಟರನ್ನು ಗೋಡೆಯ ಮೇಲ್ಗಡೆಯ ಕಿಂಡಿಗೆ ಕೂರಿಸಿದರೆ ಬಿಸಿ ಹಾಗೇ ಹೊರಗೆ ಹೋಗುತ್ತದೆ. ಮೂಡುಬಿದಿರೆಯ ಕಂಪ್ಯೂಟರ್ ಅಂಗಡಿಯವನು ಬಂದು ನಳಿಗೆ ಜೋಡಿಸಿಕೊಟ್ಟ. ಪಂಪು ಯಾವುದು ಎಂಬುದು ಮಾತ್ರ ಉಳಿಯಿತು. ಅದು ತಪ್ಪಿದರೆ ಫ್ಯಾನಿನ ಸದ್ದಿನ ಜಾಗಕ್ಕೆ ಪಂಪಿನ ಸದ್ದು ಬಂದು ಕೂರುತ್ತದೆ.

ಅವನು ಎರಡು ಮೂರು ಪಂಪುಗಳ ಚಿತ್ರ ತೋರಿಸಿದ. ಮಾಸ್ಟ್ರಿಗೆ ನಂಬಿಕೆ ಬರಲಿಲ್ಲ. ನಮ್ಮ ಊರುಗಳಲ್ಲಿ ಪಂಪು ಎಂದರೆ ಎಲ್ಲರಿಗೂ ಗೊತ್ತಿರುವ ಪ್ರಾಣಿ. ಬಾವಿಗೆ, ಕೆರೆಗೆ, ಹೊಳೆಗೆ ಪಂಪು ಇಳಿಸದ ಮನೆಯಿಲ್ಲ. ಹೊಸ ಪಂಪಿನ ಮಾತು ಬಂದರೆ ಮದುವೆ ಮನೆಯಲ್ಲೂ ಗಂಡಸರು ಕುರ್ಚಿ ಹತ್ತಿರಕ್ಕೆಳೆದು ಕೂರುತ್ತಾರೆ. ಹಾಗಾಗಿ ಅವರು ಬಿ.ಸಿ. ರೋಡಿನಲ್ಲಿ ಪಂಪಿನ ಅಂಗಡಿ ಇಟ್ಟಿದ್ದ ಗೆಳೆಯ ಶೆಟ್ಟರ ಹತ್ತಿರ ಹೋದರು. ಜೊತೆಗೆ ನಾನೂ ಹೋದೆ. ಅವರಿಬ್ಬರ ಮಾತು ನಡೆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಹೆಡ್ ಎಷ್ಟು?" ಅಂದರು ಶೆಟ್ಟರು. ನೀರನ್ನು ಎಷ್ಟು ಎತ್ತರಕ್ಕೆ ಏರಿಸಬೇಕು ಎಂಬ ಲೆಕ್ಕಕ್ಕೆ ಹೆಡ್ ಎನ್ನುತ್ತಾರೆ.

"ಮೇಜಿನ ಅಡಿಯಿಂದ ಗೋಡೆಯ ಕಿಂಡಿಗೆ. ಒಂದು ಆಳು, ಅದರ ಮೇಲೆ ಒಂದು ಮೊಳ."

"ಬೆಂಡು ಉಂಟಾ?"

"ನಾಲ್ಕೈದು ಕಡೆ ತಿರುಗ್ತದೆ."

"ಹಾಗಾದ್ರೆ ಸ್ವಲ್ಪ ಜಾಸ್ತಿಯೇ ಇರ್ಲಿ. ಕಮ್ಮಿ ಆದ್ರೆ ಬೇಸಗೆಯಲ್ಲಿ ನೀರು ಹತ್ತುದಿಲ್ಲ ಮಾಸ್ಟ್ರೇ. ಆಮೇಲೆ ನನಗೆ ಬಯ್ಬೇಡಿ."

"ಹೌದು, ಜಾಸ್ತಿಯೇ ಇರ್ಲಿ."

ಇಬ್ಬರೂ ಬಹಳ ಗಂಭೀರವಾಗಿದ್ದರು. ಗುಡ್ಡದ ತಲೆಗೆ ನೀರು ಹತ್ತಿಸಲು ಹೊರಟವರ ಹಾಗೆ ನಳಿಗೆಯ ದಪ್ಪ ಕೇಳಿದರು, ವೋಲ್ಟೇಜು ಕೇಳಿದರು. ಶೆಟ್ಟರು ಎಲ್ಲೆಲ್ಲಿಗೋ ಫೋನ್ ಮಾಡಿ ಕಾರ್ಖಾನೆಯ ಯಂತ್ರಕ್ಕೆ ಹಾಕುವ ಒಂದು ಗಟ್ಟಿ ಪಂಪು ತರಿಸಿದರು. ಅದಕ್ಕೆ ನಾಲ್ಕು ದಿನ ಹೋಯಿತು. ಆ ನಾಲ್ಕು ದಿನವೂ ನಾನು ಮುಖ ಊದಿಸಿಕೊಂಡೇ ಇದ್ದೆ.

ಪಂಪು ಹಾಕಿದರು. ನೀರು ಸರ್ರನೆ ಮೇಲೇರಿತು. ಕೋಣೆ ತುಂಬ ದೋಣಿಯ ಇಂಜಿನಿನ ಸದ್ದು. ಮೇಜಿನ ಮೇಲಿದ್ದ ಪೆನ್ಸಿಲು ನಡುಗುತ್ತ ತುದಿಗೆ ಬಂದು ಕೆಳಗೆ ಬಿತ್ತು. ಮಾಸ್ಟ್ರು ಬಗ್ಗಿ ಪೆನ್ಸಿಲು ಎತ್ತಿ, ಸ್ವಿಚ್ ತೆಗೆದರು.

ಸದ್ದು ನಿಂತಿತು. ಅವರು ಹೋಗಲಿಲ್ಲ. ಗೋಡೆಯ ಮೇಲೆ ಹತ್ತಿದ್ದ ಪಾರದರ್ಶಕ ನಳಿಗೆಯನ್ನೇ ನೋಡುತ್ತ ನಿಂತರು. ಬಾವಿಯ ಪಂಪು ನಿಂತರೆ ಏರಿದ ನೀರು ಕೆಳಗೆ ಜಾರುತ್ತದೆ, ತಡೆಯಲು ತಳದಲ್ಲಿ ವಾಲ್ವು ಬೇಕು. ಇಲ್ಲಿ ನೀರು ಇದ್ದಲ್ಲೇ ನಿಂತಿತ್ತು. ಏರುವ ನಳಿಗೆಯಲ್ಲೂ ತುಂಬ, ಇಳಿಯುವ ನಳಿಗೆಯಲ್ಲೂ ತುಂಬ.

"ಟೀಚರ್, ಇದು ಕೆಳಗೆ ಬರ್ಲಿಲ್ಲ."

"ಬರ್ದಿದ್ರೆ ಎಂತ ಈಗ?"

"ಬರ್ಲಿಕ್ಕೆ ಎಲ್ಲಿಗೆ ಬರುದು? ಈಚೆಯದ್ದು ಏರಿದ್ರೆ ಆಚೆಯದ್ದು ಇಳೀತದೆ. ಇದಕ್ಕೆ ಎತ್ತರವೇ ಇಲ್ಲ ಮಾರಾಯ್ರೆ. ಲೋಟದ ಪಾಠ ಅಲ್ವಾ ಇದು." ಅವರ ಒಡಕು ಗಂಟಲಿನಿಂದ ನಗು ಕೆಮ್ಮಿನ ಹಾಗೆ ಬಂತು. "ವರ್ಷವರ್ಷ ನಾನೇ ಮಾಡಿದ ಪಾಠ. ಪಂಪು ಅಂದ ಕೂಡ್ಲೆ ತಲೆ ಬಾವಿಗೆ ಬಿತ್ತು ನೋಡಿ."

ಸುತ್ತಿ ವಾಪಸು ಬರುವ ನೀರಿಗೆ ಏರಿಸುವ ಬಲ ಬೇಕಿಲ್ಲ, ನಳಿಗೆಯ ಗೋಡೆಗೆ ಉಜ್ಜಿಕೊಂಡು ಮುಂದೆ ಹೋಗುವಷ್ಟು ಬಲ ಸಾಕು. ಶೆಟ್ಟರಿಗೆ ಫೋನ್ ಮಾಡಿ ಹೇಳಿದರು. ಶೆಟ್ಟರು "ಅದು ಹೌದಲ್ಲ" ಅಂದರಂತೆ. ಅವರಿಬ್ಬರೂ ನಗುವಾಗ ನನಗೆ ನಗು ಬರಲಿಲ್ಲ. ಹೊರಗೆ ಅಕ್ಕ ಬಟ್ಟೆ ಹಿಂಡುತ್ತಿದ್ದರು. "ಪಂಪು ಸಿಕ್ಕಿದ ಮೇಲೆಯಾ ಆಪರೇಷನ್ನು? ನೀವಾದ್ರೂ ಹೇಳಿ ಟೀಚರ್" ಅಂದರು. ನಾನು ಒಳಗೆ ಹೋಗಿ ಹೇಳಿದೆ. ಇದೆಲ್ಲ ಬಿಟ್ಟು ನಾಳೆಯೇ ಅಡ್ಮಿಟ್ ಆಗಿ, ಅಕ್ಕನ ಮುಖ ನೋಡಲಿಕ್ಕಾಗುವುದಿಲ್ಲ ಎಂದೆ. ಸ್ವರ ಸ್ವಲ್ಪ ಜೋರಾಗಿಯೇ ಇತ್ತು.

ಮಾಸ್ಟ್ರು ನಳಿಗೆ ಒರೆಸುವುದನ್ನು ನಿಲ್ಲಿಸಲಿಲ್ಲ. "ಡಾಕ್ಟರು ಕೊಟ್ಟ ದಿನಕ್ಕೆ ಹೋಗ್ತೇನೆ. ಒಂದು ದಿನ ಆಚೆ ಮಾಡುದಿಲ್ಲ, ನಿಮ್ಮ ಅಕ್ಕನಿಗೆ ಮಾತು ಕೊಟ್ಟಿದ್ದೇನೆ. ಆಪರೇಷನ್ ಆದ್ರೆ ನಾನು ಉಳಿತೇನೆ, ಹೌದು. ಓದುವವ ಉಳಿಯುದಿಲ್ಲ ಟೀಚರ್. ಅವನಿಗೆ ಇಷ್ಟೇ ದಿನ ಇರುದು. ಅವನ ಕೆಲಸ ಮುಗಿಸುವ."

ಎರಡನೆಯದು ಮೀನಿನ ತೊಟ್ಟಿಗೆ ಹಾಕುವ ಪಂಪು. ಸದ್ದೇ ಇಲ್ಲ. ಬಲವೂ ಇಲ್ಲ. ಅರ್ಧ ಪಾಠ ಓದುವಷ್ಟರಲ್ಲಿ ಪೆಟ್ಟಿಗೆ ಬಿಸಿಯಾಗಿ ಫ್ಯಾನುಗಳು ಮೊದಲಿನಂತೆ ಕೂಗಿದವು. ಓದಿದ್ದನ್ನು ಅಳಿಸಬೇಕಾಯಿತು. ಆ ಸ್ವರದಲ್ಲಿ ಅರ್ಧ ಪಾಠ ಅಳಿಸುವುದೆಂದರೆ ಏನೆಂದು ಹೆಡ್‌ಫೋನ್ ಹಾಕಿಕೊಂಡಿದ್ದ ನನಗೆ ಗೊತ್ತು.

ಮೂರನೆಯದು ಕಂಪ್ಯೂಟರಿಗೆಂದೇ ಮಾಡಿದ ಪಂಪು, ಮೂಡುಬಿದಿರೆಯ ಅಂಗಡಿಯ ಹುಡುಗ ಮೊದಲ ದಿನವೇ ತೋರಿಸಿದವುಗಳಲ್ಲಿ ಒಂದು. ಅದರ ಬೆನ್ನಿಗೆ ವೇಗ ಹೆಚ್ಚು ಕಡಿಮೆ ಮಾಡುವ, ಒಂದರಿಂದ ಐದರವರೆಗೆ ಅಂಕಿ ಇದ್ದ ಒಂದು ತಿರುಪು ಇತ್ತು. ಮಾಸ್ಟ್ರು ವಾರಿಜಾಳನ್ನು ಕರೆಸಿದರು. ಅವಳು ಬಸ್ಸಿಳಿದು ಕೋಲು ಹಿಡಿದು ಬಂದು, ಕೈಕಾಲು ತೊಳೆದು, ಕೋಣೆಯ ನಡುವೆ ನಿಂತಳು. ಮಾಸ್ಟ್ರು ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರು.

"ಈಗ?"

"ಉಂಟು."

"ಈಗ?"

"ಈಗ ಗಾಳಿಯಲ್ಲಿ ಇಲ್ಲ. ಮೇಜಿನಲ್ಲಿ ಉಂಟು." ಅವಳು ಕೈ ಚಾಚಿ ಮೇಜು ಹುಡುಕಿ ಅಂಗೈ ಊರಿದಳು. "ಮೈಕಿನ ಕಾಲು ಇದರ ಮೇಲೆಯೇ ನಿಂತದ್ದಲ್ವಾ?"

ಅಕ್ಕನ ಅಡುಗೆಮನೆಯಿಂದ ಪಾತ್ರೆ ತಿಕ್ಕುವ ಹೊಸ ಸ್ಪಂಜು ತಂದು ಪಂಪಿನ ಅಡಿಗೆ ಇಟ್ಟರು. ಅವಳು ಮತ್ತೆ ಅಂಗೈ ಊರಿ, ಕಿವಿಯನ್ನೂ ಮೇಜಿಗೆ ಒತ್ತಿ, "ಈಗ ಇಲ್ಲ" ಅಂದಳು. ತಿರುಪು ಎರಡರ ಹತ್ತಿರ ನಿಂತಿತ್ತು. ಇಷ್ಟು ನಿಧಾನ ಸಾಕೇ ಎಂದು ನನಗೆ ಅನುಮಾನ. "ನೀರು ಹೆಚ್ಚು ಓಡಿದಷ್ಟೂ ಹೆಚ್ಚು ತಣ್ಣಗೆ ಅಂತ ಇಲ್ಲ" ಅಂದರು ಮಾಸ್ಟ್ರು. "ಒಂದು ಹದದ ನಂತರ ಓಡಿಸಿದ್ರೆ ಸದ್ದು ಮಾತ್ರ ಹೆಚ್ಚಾಗುದು. ನನ್ನ ಪಾಠದ ಹಾಗೆ." ಪೆಟ್ಟಿಗೆ ಬೆಳಗಿನಿಂದ ಸಂಜೆಯವರೆಗೆ ತಣ್ಣಗೇ ಇತ್ತು. ಪಂಪು ತಿರುಗುತ್ತಿದೆಯೇ ಎಂದು ತಿಳಿಯಲು ನಳಿಗೆಯ ಮೇಲೆ ಎರಡು ಬೆರಳಿಡಬೇಕಿತ್ತು. ಬೆರಳಿಗೆ ಮಾತ್ರ ಸಣ್ಣ ಕಂಪನ ಸಿಗುತ್ತಿತ್ತು. ಪ್ರತಿದಿನ ಓದಲು ಕೂರುವ ಮೊದಲು ಅವರು ಹಾಗೆ ಬೆರಳಿಟ್ಟು ನೋಡುತ್ತಿದ್ದರು, ನಾಡಿ ನೋಡುವ ಪಂಡಿತರ ಹಾಗೆ.

ಉಳಿದ ದಿನಗಳಲ್ಲಿ ಅವರು ಓದಿದರು. ಒಂದು ಪ್ಯಾರಾ ಓದಿ ಬಿಸಿನೀರು ಕುಡಿಯುವುದು, ಕಣ್ಣು ಮುಚ್ಚಿ ಕೂರುವುದು, ಮತ್ತೆ ಒಂದು ಪ್ಯಾರಾ. ಸ್ವರ ಒರಟಾಗಿತ್ತು, ಆದರೆ ಹಿಂದೆ ಏನೂ ಇರಲಿಲ್ಲ. ಸದ್ದಿಲ್ಲದ ಜಾಗದಲ್ಲಿ ಆ ಒರಟು ಸ್ವರ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತೆಂದರೆ, ಪ್ರತಿ ಅಕ್ಷರಕ್ಕೂ ಅಂಚು ಇತ್ತು. ಬೆರಳೆತ್ತುವ ಪ್ರಸಂಗ ಒಂದೆರಡು ಸಲ ಬಂದಿರಬಹುದು. ನಾನು ಎತ್ತದೆ ಬಿಡೋಣವೆಂದುಕೊಂಡೆ, ಆದರೆ ಎತ್ತಿದೆ. ಎತ್ತದಿದ್ದರೆ ಅವರಿಗೆ ಗೊತ್ತಾಗುತ್ತಿತ್ತು. ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆಗೆ ಕೊನೆಯ ಒಂದು ಪಾಠ ಉಳಿದುಹೋಯಿತು. ಪುಸ್ತಕವನ್ನು ನನ್ನ ಕಡೆಗೆ ತಳ್ಳಿ, "ಇದು ನೀವು" ಅಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಆಪರೇಷನ್ ಚೆನ್ನಾಗಿಯೇ ಆಯಿತು. ಗಾಯ ಮಾಗಿದ ಮೇಲೆ ಮಾಸ್ಟ್ರು ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಶಾಲೆಯ ಕಾಲದ ಸ್ಲೇಟು ಹಿಡಿದು, ಕೋಣೆಗೆ ಬಂದರು. ಸ್ಲೇಟಿನ ಮೇಲೆ ಮೊದಲೇ "ನೋಡುವ" ಎಂದು ಬರೆದುಕೊಂಡು ಬಂದಿದ್ದರು. ನಾನು ಅವರ ಕುರ್ಚಿಯಲ್ಲಿ ಕುಳಿತೆ. ಅವರು ನನ್ನದರಲ್ಲಿ ಕುಳಿತು ಹೆಡ್‌ಫೋನ್ ಹಾಕಿಕೊಂಡರು. ನಳಿಗೆಯ ಮೇಲೆ ಬೆರಳಿಟ್ಟು ನೋಡಿ ತಲೆಯಾಡಿಸಿದರು. ಎರಡನೇ ಪ್ಯಾರಾದಲ್ಲೇ ತಪ್ಪಿದೆ. ಅವರು ಬೆರಳೆತ್ತಿದರು, ಎರಡು ಸಾಲು ಹಿಂದಿನಿಂದ ಓದಿದೆ. ಒಟ್ಟು ಪಾಠ ಮುಗಿಯುವಾಗ ಬೆರಳು ಬಹಳ ಸಲ ಎದ್ದಿತ್ತು. ಅವರಿಗೆ ಅದರಲ್ಲಿ ಸ್ವಲ್ಪ ಸುಖವೂ ಇತ್ತು ಎಂದು ನನ್ನ ಅಂದಾಜು.

ಆಮೇಲೆ ಮುದ್ರಣವನ್ನು ಮೊದಲಿನಿಂದ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಬದಲಾಯಿತು. ಎದ್ದು ನಳಿಗೆ ಮುಟ್ಟಿದರು. ಪಂಪನ್ನು ಮುಟ್ಟಿದರು. ಬಗ್ಗಿ ಫ್ಯಾನಿಗೆ ಕಿವಿಕೊಟ್ಟರು. ಮತ್ತೆ ಕುಳಿತು ಅದೇ ಜಾಗ ಇನ್ನೊಮ್ಮೆ ಕೇಳಿದರು. ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಹಾಕಿದರು. ನನ್ನ ಓದಿನ ಹಿಂದೆ, ವಾಕ್ಯ ವಾಕ್ಯದ ನಡುವೆ, ಒಂದು ಸದ್ದು ಇತ್ತು. ಒಳಗೆ ಹೋಗುವುದು, ಹೊರಗೆ ಬರುವುದು. ಬಟ್ಟೆಯ ಹಿಂದಿನಿಂದ ಬಂದ ಹಾಗೆ. ಅದು ಅವರ ಕುತ್ತಿಗೆಯ ತೂತಿನ ಉಸಿರು.

ಪಂಪಿನ ಸದ್ದು ಇದ್ದಿದ್ದರೆ ಅದು ಮುಚ್ಚಿಹೋಗುತ್ತಿತ್ತು. ಫ್ಯಾನಿನ ಸದ್ದು ಇದ್ದಿದ್ದರೂ ಸರಿ. ಅಷ್ಟು ಹಟ ಹಿಡಿದು, ಓದುವ ದಿನಗಳನ್ನು ಕಳೆದುಕೊಂಡು, ಅವರು ಆ ಕೋಣೆಯನ್ನು ನಿಶ್ಶಬ್ದ ಮಾಡಿದ್ದರು. ಈಗ ಅಲ್ಲಿ ಉಳಿದಿದ್ದ ಒಂದೇ ಸದ್ದು ಅವರದಾಗಿತ್ತು. ನನಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಮಾಸ್ಟ್ರು ಸ್ಲೇಟು ಒರೆಸಿ "ಈ ಪಾಠ ಪುನಃ" ಎಂದು ಬರೆದು ಮೇಜಿನ ಮೇಲಿಟ್ಟರು. ಎದ್ದು ಹೊರಗೆ ಹೋದರು.

ಮುಂದಿನ ಸಲ ಅವರು ಒಳಗೆ ಬರಲಿಲ್ಲ, ಜಗಲಿಯಲ್ಲೇ ಕುಳಿತರು. ನಾನು ಒಂದು ಉಪಾಯ ಮಾಡಿದೆ. ಪಂಪಿನ ತಿರುಪನ್ನು ನಾಲ್ಕಕ್ಕೆ ತಿರುಗಿಸಿ, ಕೋಣೆಯಲ್ಲಿ ಗುಂಯ್ ಎಂಬ ಸದ್ದು ಏಳುವ ಹಾಗೆ ಮಾಡಿ, ಅವರನ್ನು ಕರೆದೆ. "ಬನ್ನಿ ಮಾಸ್ಟ್ರೇ, ಈಗ ಕೇಳುದಿಲ್ಲ. ಒಳಗೆ ಕೂತ್ಕೊಳ್ಳಿ. ಮಕ್ಕಳು ಇಷ್ಟು ಸಹಿಸ್ಲಿ."

ಅವರು ಬಂದು ಬಾಗಿಲಲ್ಲಿ ನಿಂತು ಕಿವಿಗೊಟ್ಟರು. ನನಗೆ ಬಯ್ಯುವವರ ಹಾಗೆ ನೋಡಲಿಲ್ಲ. ಮೆಲ್ಲ ನಡೆದು ಬಂದು ತಿರುಪನ್ನು ಎರಡಕ್ಕೆ ತಂದರು. ಸದ್ದು ಇಳಿಯಿತು. ಸ್ವಲ್ಪ ಹೊತ್ತು ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೊಂದೇ ಸಲ. ಆಮೇಲೆ ಹೆಡ್‌ಫೋನಿನ ವಯರಿಗೆ ಇನ್ನೊಂದು ವಯರು ಸೇರಿಸಿ, ಬಾಗಿಲ ಸಂದಿಯಿಂದ ಜಗಲಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು. ಮೈಕಿನ ವಯರಿಗಾದರೆ ಉದ್ದ ಆಗದು, ಕಿವಿಯದ್ದಕ್ಕೆ ಆಗುತ್ತದೆ. ಆ ವಿಜ್ಞಾನ ಪಾಠವನ್ನು ಬದಿಗಿಟ್ಟು ನಾನು ಸಮಾಜ ವಿಜ್ಞಾನ ಪುಸ್ತಕ ತೆರೆದು ಓದಿದೆ. ತಪ್ಪಿದಲ್ಲಿ ಆಚೆಯಿಂದ ಗೋಡೆಗೆ ಒಂದು ಕುಟ್ಟು ಬಿತ್ತು. ನಿಲ್ಲಿಸಿ ಎರಡು ಸಾಲು ಹಿಂದಿನಿಂದ ಓದಿದೆ. ಕುಟ್ಟಿದ ಜಾಗವನ್ನು ಆಮೇಲೆ ಕತ್ತರಿಸಿ ತೆಗೆಯುತ್ತಿದ್ದೆವು.

ಹಾಗೆ ಒಂದು ಮಳೆಗಾಲ, ಒಂದು ಚಳಿಗಾಲ. ಇಡೀ ಸಮಾಜ ವಿಜ್ಞಾನ ಪುಸ್ತಕ ನನ್ನ ಸ್ವರದಲ್ಲಿದೆ, ಅದರ ಹಿಂದೆ ಗೋಡೆಯ ಆಚೆ ಅವರಿದ್ದಾರೆ. ಮೊದಮೊದಲು ಪುಟಕ್ಕೆ ಮೂರು ಕುಟ್ಟು ಬೀಳುತ್ತಿತ್ತು, ಬರಬರುತ್ತ ಕಡಿಮೆಯಾಯಿತು. ಒಂದು ದಿನ ಇಡೀ ಪಾಠಕ್ಕೆ ಒಂದೂ ಬೀಳಲಿಲ್ಲ. ಗಾಬರಿಯಾಗಿ ಬಾಗಿಲು ತೆಗೆದು ನೋಡಿದೆ. ಮಾಸ್ಟ್ರು ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದರು. ಸ್ಲೇಟಿನಲ್ಲಿ "ಪಾಸ್" ಎಂದು ಬರೆದು ತೋರಿಸಿದರು. ಅಕ್ಕ ಆ ದಿನ ಪಾಯಸ ಮಾಡಿದರು. ಕೊನೆಯ ವಿಜ್ಞಾನ ಪಾಠವನ್ನು ಪುನಃ ಓದಬೇಕೆಂಬುದು ನಮಗಿಬ್ಬರಿಗೂ ನೆನಪಿತ್ತು. ಅವರೂ ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಬೇಸಗೆ ಶುರುವಾಗುವಾಗ ರೋಗ ಬೇರೆ ಕಡೆ ಕಾಣಿಸಿಕೊಂಡಿತು. ಪಂಪಿನ ಹಿಂದೆ ಹೋಗದೆ ಮೊದಲೇ ಅಡ್ಮಿಟ್ ಆಗಿದ್ದರೆ ಎಂದು ನಾನು ಡಾಕ್ಟರ ಹತ್ತಿರ ಕೇಳಿದೆ. ಅಷ್ಟು ದಿನದಿಂದ ವ್ಯತ್ಯಾಸವೇನೂ ಆಗುತ್ತಿರಲಿಲ್ಲ ಎಂದರು. ಅದನ್ನು ಅಕ್ಕನಿಗೆ ಹೇಳಿದೆ. ಅಕ್ಕ ನಂಬಿದರೋ ಇಲ್ಲವೋ ಗೊತ್ತಿಲ್ಲ, ತಲೆಯಾಡಿಸಿದರು.

ಮಾಸ್ಟ್ರು ಹೋಗಿ ಹದಿಮೂರನೇ ದಿನದ ಕ್ರಿಯೆ ಮುಗಿದ ಮೇಲೆ ವಾರಿಜಾ ಫೋನ್ ಮಾಡಿದಳು. ಅವಳೀಗ ಬೆಳ್ತಂಗಡಿ ಕಡೆಯ ಶಾಲೆಯೊಂದರಲ್ಲಿ ಟೀಚರ್. ಈ ವರ್ಷದ ಮಕ್ಕಳಿಗೆ ವಿಜ್ಞಾನ ಪುಸ್ತಕ ಬೇಕು, ಕೊನೆಯ ಪಾಠ ಇನ್ನೂ ಬಂದಿಲ್ಲ ಎಂದಳು. ಹೇಗೂ ಓದಿದ್ದೊಂದು ಇದೆ, ಅದನ್ನೇ ಕಳಿಸಲೇ ಎಂದು ಕೇಳಿದೆ. ಅದರಲ್ಲಿ ಮಾಸ್ಟ್ರ ಉಸಿರು ಇದೆ, ಪುನಃ ಓದಬೇಕೆಂದು ಅವರು ಸ್ಲೇಟಿನಲ್ಲಿ ಬರೆದಿದ್ದರು ಎಂದೂ ಹೇಳಿದೆ.

"ಅದನ್ನು ನನಗೆ ಕಳಿಸಿ ಟೀಚರ್" ಅಂದಳು. "ಮಕ್ಕಳಿಗೆ ಪುನಃ ಓದಿ ಕೊಡಿ. ಅವರು ಹಾಗೇ ಅಲ್ವಾ ಹೇಳಿದ್ದು."

ಮೊನ್ನೆ ಹೋದೆ. ಅಕ್ಕ ಕೋಣೆ ಗುಡಿಸಿ ಇಟ್ಟಿದ್ದರು. ಜಗಲಿಯ ಕುರ್ಚಿ ಹಾಗೇ ಇತ್ತು. ಬಾಗಿಲ ಸಂದಿಯ ವಯರನ್ನು ನಾನು ಎಳೆಯಲಿಲ್ಲ. ಸ್ವಿಚ್ ಹಾಕಿ, ನಳಿಗೆಯ ಮೇಲೆ ಎರಡು ಬೆರಳಿಟ್ಟೆ. ನೀರು ಹೋಗುತ್ತಿತ್ತು. ಪುಸ್ತಕ ತೆರೆದು ಓದತೊಡಗಿದೆ. ಮೊದಲ ಪ್ಯಾರಾ ದಾಟಿತು. ಎರಡನೆಯದರಲ್ಲಿ, ಹಿಂದೆ ತಪ್ಪಿದ ಜಾಗದಲ್ಲೇ, ಮತ್ತೆ ತಪ್ಪಿದೆ. ತಪ್ಪಿದ್ದು ನನಗೇ ಗೊತ್ತಾಯಿತು. ಆದರೂ ನಿಲ್ಲಿಸಿ ಗೋಡೆಯ ಕಡೆಗೆ ನೋಡುತ್ತ ಕಾದೆ.

ಫ್ಯಾನಿನ ಸದ್ದು ಇರಲಿಲ್ಲ, ಪಂಪಿನದ್ದೂ ಇರಲಿಲ್ಲ. ಮಾಸ್ಟ್ರು ಬಯಸಿದ ನಿಶ್ಶಬ್ದ ಆ ಕೋಣೆಯಲ್ಲಿ ಆ ದಿನ ಪೂರ್ತಿಯಾಗಿ ಇತ್ತು. ನನಗೆ ಅದು ಬೇಡವಾಗಿತ್ತು. ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ, ಗೋಡೆಗೆ ಕುಟ್ಟು ಬೀಳಲಿಲ್ಲ. ಆಮೇಲೆ ನಾನೇ ಬೆರಳು ಮಡಚಿ ಮೇಜಿಗೆ ಒಂದು ಸಲ ಕುಟ್ಟಿ, ಎರಡು ಸಾಲು ಹಿಂದಿನಿಂದ ಓದಿದೆ.